ಹಲಸಿನ ಹಣ್ಣಿಗೆ ಸೀಟ್ ಬೆಲ್ಟ್

ಹೋದ ಜೂನ್‌ನಲ್ಲಿ ಗುಬ್ಬಿ ಹತ್ತಿರ ಇರುವ ಸೋದರಮಾವನ ಮನೆಗೆ ಹೋಗಿದ್ದೆ. ನಮ್ಮ ಮಾವ ಬರಿಗೈಲಿ ಕಳಿಸುವ ಪೈಕಿ ಅಲ್ಲ. ಡಿಕ್ಕಿ ತುಂಬ ತೆಂಗಿನಕಾಯಿ, ಅದರ ಮೇಲೆ ಅರ್ಧ ಚೀಲ ರಾಗಿ, ಹಿಂದಿನ ಸೀಟಿನಲ್ಲಿ ಬಾಳೆಗೊನೆ. ಇನ್ನು ಜಾಗವೇ ಇಲ್ಲ ಮಾವ ಅನ್ನುವಷ್ಟರಲ್ಲಿ ಹಿತ್ತಲ ಕಡೆಯಿಂದ ಒಂದು ಹಲಸಿನ ಹಣ್ಣು ಹೊತ್ತುಕೊಂಡು ಬಂದರು. ಹತ್ತು ಹನ್ನೆರಡು ಕೆಜಿಗೆ ಮೋಸ ಇಲ್ಲ. ನನ್ನ ಪಕ್ಕದ ಸೀಟಿನ ಮೇಲೆ ಗೋಣಿಚೀಲ ಹಾಸಿ, ಮದುವೆ ಗಂಡನ್ನು ಹಸೆಗೆ ಕೂರಿಸಿದ ಹಾಗೆ ಅದನ್ನು ಕೂರಿಸಿದರು.

ಊರ ಗೇಟ್ ದಾಟಿ ಟಾರ್ ರಸ್ತೆಗೆ ಬಂದೆ, ಕಾರು ಬಡಿದುಕೊಳ್ಳಲು ಶುರು ಮಾಡಿತು. ಟಿಣ್ ಟಿಣ್ ಟಿಣ್. ಮೊದಲು ನನಗೆ ಅರ್ಥವಾಗಲಿಲ್ಲ. ನನ್ನ ಬೆಲ್ಟ್ ಹಾಕಿದ್ದೇನೆ, ಬಾಗಿಲು ಮುಚ್ಚಿದೆ, ಹ್ಯಾಂಡ್‌ಬ್ರೇಕ್ ಇಳಿಸಿದ್ದೇನೆ. ಆಮೇಲೆ ಹೊಳೆಯಿತು. ಕಾರಿಗೆ ಹಲಸಿನ ಹಣ್ಣು ಅಂದರೆ ಏನು ಗೊತ್ತು? ಸೀಟಿನ ಮೇಲೆ ಭಾರ ಬಿತ್ತು ಅಂದರೆ ಮನುಷ್ಯ ಕೂತಿದ್ದಾನೆ ಅಂತ ಅದರ ಲೆಕ್ಕ. ಎರಡು ಕಿಲೋಮೀಟರ್ ತಡೆದುಕೊಂಡೆ. ಹಾಡು ಜೋರು ಮಾಡಿ ನೋಡಿದೆ. ಊಹೂಂ. ಕೊನೆಗೆ ಒಂದು ಹುಣಸೆ ಮರದ ಕೆಳಗೆ ಗಾಡಿ ಪಕ್ಕಕ್ಕೆ ಹಾಕಿ, ಹಣ್ಣಿನ ಹೊಟ್ಟೆ ಮೇಲೆ ಬೆಲ್ಟ್ ಎಳೆದು ಬಕಲ್ ಹಾಕಿದೆ. ತಕ್ಷಣ ನಿಶ್ಶಬ್ದ. ಕ್ಯಾತ್ಸಂದ್ರ ಟೋಲ್ ಹತ್ತಿರ ಸೌತೆಕಾಯಿ ಮಾರುತ್ತಿದ್ದ ಅಜ್ಜಿ ಕಿಟಕಿಯಲ್ಲಿ ಇಣುಕಿ ನೋಡಿ, "ಮಗೀಗೂ ಬೆಲ್ಟ್ ಹಾಕಿದ್ದೀಯಾ ಬುಡಪ್ಪ" ಅಂತ ನಕ್ಕರು. ನಾನೂ ನಕ್ಕೆ, ಹತ್ತು ರೂಪಾಯಿಗೆ ಸೌತೆಕಾಯಿ ತಗೊಂಡೆ.

ಆದರೆ ನೆಲಮಂಗಲದವರೆಗೂ ಒಂದು ಯೋಚನೆ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಅವತ್ತೇ ಬೆಳಗ್ಗೆ ಮಾವ ತಮ್ಮ ಕಾರಿನಲ್ಲಿ ನನ್ನನ್ನು ಪೇಟೆಗೆ ಕರೆದುಕೊಂಡು ಹೋಗಿದ್ದರು. ಅವರ ಕಾರೂ ಹೊಸದೇ, ಅದಕ್ಕೂ ಈ ಬೀಪ್ ಇದೆ. ಅವರು ಅದಕ್ಕೆ ಮಾಡಿಕೊಂಡಿರುವ ಉಪಾಯ ಏನು ಗೊತ್ತಾ? ಬೆಲ್ಟನ್ನು ಸೀಟಿನ ಬೆನ್ನಿಗೆ ಸುತ್ತಿ ಖಾಯಂ ಬಕಲ್ ಹಾಕಿಬಿಟ್ಟಿದ್ದಾರೆ. ಅದರ ಮೇಲೆ ಒರಗಿ ಕೂತು ಓಡಿಸುತ್ತಾರೆ. ನಾನು ಕೇಳಿದ್ದಕ್ಕೆ, "ಅದು ಬಡ್ಕೊಳ್ಳೋದು ನಿಲ್ಬೇಕು ಅಷ್ಟೆ ತಾನೆ? ನಲವತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ, ಸುಮ್ಕಿರು" ಅಂದರು. ಅಂದರೆ ನಮ್ಮ ಮನೆತನದಲ್ಲಿ ಅವತ್ತು ಸರಿಯಾಗಿ ಬೆಲ್ಟ್ ಹಾಕಿಕೊಂಡು ಪ್ರಯಾಣ ಮಾಡಿದವರು ಇಬ್ಬರೇ. ನಾನು ಮತ್ತು ಹಲಸಿನ ಹಣ್ಣು.

ನನ್ನ ಆಫೀಸಿನಲ್ಲಿ ಒಬ್ಬ ಗೆಳೆಯ ಇದ್ದಾನೆ. ಟೀ ಕುಡಿಯುವಾಗ ದಿನಾ ಇದೇ ಮಾತು. "ನಮ್ಮ ಜನಕ್ಕೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ ಗುರು, ಮಷೀನ್ ಹಾಕ್ಬೇಕು. ಮಷೀನ್ ಹಾಕಿದ್ರೆ ತಾನೇ ಸರಿ ಹೋಗ್ತಾರೆ." ಎಲ್ಲದಕ್ಕೂ ಅವನದು ಒಂದೇ ಮದ್ದು. ಕ್ಯಾಮೆರಾ, ಸೆನ್ಸರ್, ಆ್ಯಪ್. ಮೊದಲು ನಾನೂ ಹೂಂಗುಟ್ಟುತ್ತಿದ್ದೆ. ಈಗ ಅಷ್ಟು ಸಲೀಸಾಗಿ ಒಪ್ಪಲು ಆಗುತ್ತಿಲ್ಲ, ಹಾಗಂತ ಪೂರ್ತಿ ತಳ್ಳಿಹಾಕಲೂ ಆಗುತ್ತಿಲ್ಲ. ಬೇರೆಲ್ಲ ಬಿಡಿ, ರಸ್ತೆ ಒಂದನ್ನೇ ತಗೊಳ್ಳೋಣ. ನಾನು ದಿನಾ ಎರಡು ಗಂಟೆ ಅಲ್ಲೇ ಕಳೆಯುವುದು.

ಈ ಸೀಟ್ ಬೆಲ್ಟ್ ಕಥೆ ದೊಡ್ಡದು. ಈಗ ನಾವು ಹಾಕಿಕೊಳ್ಳುವ, ಹೆಗಲಿಂದ ಸೊಂಟಕ್ಕೆ ಬರುವ ಬೆಲ್ಟನ್ನು ಮಾಡಿದ್ದು ನಿಲ್ಸ್ ಬೊಲಿನ್ ಅನ್ನುವ ಸ್ವೀಡನ್ ಇಂಜಿನಿಯರ್, ವೋಲ್ವೋ ಕಂಪನಿಯಲ್ಲಿ, 1959ರಲ್ಲಿ. ಪೇಟೆಂಟ್ ಇದ್ದರೂ ಬೇರೆ ಕಂಪನಿಗಳೂ ಬಳಸಿಕೊಳ್ಳಲಿ ಅಂತ ವೋಲ್ವೋದವರು ಬಿಟ್ಟುಕೊಟ್ಟರು. ಒಂದೇ ಕೈಯಲ್ಲಿ ಎಳೆದು ಸಿಕ್ಕಿಸಬಹುದು, ಇದಕ್ಕಿಂತ ಸುಲಭ ಇನ್ನೇನು ಬೇಕು? ಆದರೂ ಜನ ಹಾಕಲಿಲ್ಲ. ಆಗ ಅಮೆರಿಕದವರು ನಮ್ಮ ಆಫೀಸಿನ ಗೆಳೆಯನ ಥರಾನೇ ಯೋಚಿಸಿದರು. 1974ರ ಮಾಡೆಲ್ ಕಾರುಗಳಲ್ಲಿ ಬೆಲ್ಟ್ ಹಾಕದಿದ್ದರೆ ಇಂಜಿನ್ನೇ ಸ್ಟಾರ್ಟ್ ಆಗದ ಹಾಗೆ ಮಾಡಿಬಿಟ್ಟರು. ಆಗ ಇನ್ನು ಯಾರು ತಪ್ಪಿಸಿಕೊಳ್ಳುತ್ತಾರೆ, ಅಲ್ವಾ?

ಜನ ರೊಚ್ಚಿಗೆದ್ದರು. ಪಕ್ಕದ ಸೀಟಿನ ಮೇಲೆ ದಿನಸಿ ಚೀಲ ಇಟ್ಟರೂ ಕಾರು ಸ್ಟಾರ್ಟ್ ಆಗುತ್ತಿರಲಿಲ್ಲವಂತೆ, ನಾಯಿ ಕೂತರೂ ಅಷ್ಟೇ. ನನ್ನ ಹಲಸಿನ ಹಣ್ಣಿನ ಕಷ್ಟ ಅವರಿಗೆ ಐವತ್ತು ವರ್ಷದ ಹಿಂದೆಯೇ ಬಂದಿತ್ತು. ವೈರ್ ಕಿತ್ತರು, ಬೆಲ್ಟಿಗೆ ಗಂಟು ಹಾಕಿದರು, ತಮ್ಮ ಸಂಸದರಿಗೆ ಬೈದು ಪತ್ರ ಬರೆದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಸತ್ತು ಆ ಏರ್ಪಾಡನ್ನೇ ಕಾನೂನಿನಿಂದ ತೆಗೆದುಹಾಕಿತು. ಸಿಟ್ಟು ಎಷ್ಟಿತ್ತು ಅಂದರೆ, ಬೆಲ್ಟಿನ ಬಜರ್ 8 ಸೆಕೆಂಡಿಗಿಂತ ಜಾಸ್ತಿ ಹೊಡೆದುಕೊಳ್ಳಬೇಕು ಅಂತ ಸರ್ಕಾರ ಕಂಪನಿಗಳಿಗೆ ಹೇಳುವ ಹಾಗೇ ಇಲ್ಲ ಅಂತಲೂ ಅದೇ ಕಾನೂನಿನಲ್ಲಿ ಬರೆದರು! ಒಂದು ದೇಶದ ಸಂಸತ್ತು ಕೂತು ಬೀಪ್ ಎಷ್ಟು ಸೆಕೆಂಡ್ ಇರಬೇಕು ಅಂತ ತೀರ್ಮಾನ ಮಾಡಿದ್ದನ್ನು ಯೋಚಿಸಿ ನೋಡಿ. ಆಮೇಲೆ ಹತ್ತು ವರ್ಷ ಬಿಟ್ಟು, 1984ರಲ್ಲಿ, ನ್ಯೂಯಾರ್ಕ್ ರಾಜ್ಯ ಬೆಲ್ಟ್ ಹಾಕದಿದ್ದರೆ ದಂಡ ಅಂತ ಕಾನೂನು ತಂದಿತು. ಒಂದೊಂದೇ ರಾಜ್ಯ ಹಿಂದೆ ಬಂತು. ಪೊಲೀಸರು ನಿಂತರು, ಟಿವಿಯಲ್ಲಿ ಜಾಹೀರಾತು ಬಂತು, ಮಕ್ಕಳು ಶಾಲೆಯಲ್ಲಿ ಕಲಿತು ಬಂದು ಅಪ್ಪನಿಗೆ ಹೇಳಿದರು. ಈಗ ಅಲ್ಲಿ ಹತ್ತರಲ್ಲಿ ಒಂಬತ್ತು ಜನ ಬೆಲ್ಟ್ ಹಾಕುತ್ತಾರೆ. ಮಷೀನ್ ಒಂದರಿಂದ ಆಗದ ಕೆಲಸ ಹೀಗೆ ನಿಧಾನಕ್ಕೆ ಆಯಿತು.

ನಮ್ಮಲ್ಲಿ ಬೀಪ್ ಕಡ್ಡಾಯ ಆಗಿದ್ದು 2019ರ ಜುಲೈ 1ರಿಂದ. ಡ್ರೈವರ್‌ಗೆ ಮತ್ತು ಪಕ್ಕದವರಿಗೆ ಬೆಲ್ಟಿನ ಬೀಪ್, ವೇಗ 80 ದಾಟಿದರೆ ಆಗಾಗ ಒಂದು ಬೀಪ್, 120 ದಾಟಿದರೆ ಬಿಡದೆ ಬೀಪ್. ಅದರ ಹಿಂದೆಯೇ ಇನ್ನೊಂದು ವಸ್ತು ಮಾರುಕಟ್ಟೆಗೆ ಬಂತು. ಬೆಲ್ಟಿನ ನಾಲಿಗೆ ಇರುತ್ತಲ್ಲ, ಅಷ್ಟೇ ಒಂದು ತುಂಡು. ಬೆಲ್ಟೇ ಇಲ್ಲ. ಅದನ್ನು ಬಕಲ್‌ಗೆ ಸಿಕ್ಕಿಸಿದರೆ ಕಾರು ಬಾಯಿ ಮುಚ್ಚುತ್ತದೆ. ಅದರ ಮೇಲೆ ಕಾರ್ ಕಂಪನಿಯ ಲೋಗೋ ಬೇರೆ, ಫಳಫಳ ಹೊಳೆಯುವ ಹಾಗೆ. ಕೆಲವಕ್ಕೆ ಹಿಂದೆ ಬಾಟಲ್ ಓಪನರ್ ಕೂಡ ಇತ್ತು, ಆಹಾ. ನಾನು ದೊಡ್ಡ ಮನುಷ್ಯ ಅಂತ ಹೇಳಿಕೊಳ್ಳುವುದಿಲ್ಲ, ನಾನೂ ಒಂದು ಜೊತೆ ತಗೊಂಡಿದ್ದೆ. ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಇಟ್ಟರೆ ಕೂಗುತ್ತಿತ್ತು ಅನ್ನುವ ನೆಪ. ಬ್ಯಾಗ್ ಇಲ್ಲದ ದಿನವೂ ಕ್ಲಿಪ್ ಅಲ್ಲೇ ಇರುತ್ತಿತ್ತು, ಹೆಂಡತಿ ಕೂತಾಗಲೂ.

2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಹತ್ತಿರ ಅಪಘಾತದಲ್ಲಿ ತೀರಿಕೊಂಡರು. ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. ಒಂದು ವಾರ ದೇಶದ ತುಂಬ ಬೆಲ್ಟ್ ಮಾತೇ ಮಾತು. ಆಗ ಸರ್ಕಾರದ ಕಣ್ಣು ಈ ಕ್ಲಿಪ್‌ಗಳ ಮೇಲೂ ಬಿತ್ತು. 2023ರ ಮೇನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ದೊಡ್ಡ ಆನ್‌ಲೈನ್ ಅಂಗಡಿಗಳಿಗೆ ಆದೇಶ ಕೊಟ್ಟು ಈ ಕ್ಲಿಪ್ ಮಾರುವುದನ್ನು ನಿಲ್ಲಿಸಿತು. ಅವುಗಳಿಂದ ತೆಗೆಸಿದ ಪುಟಗಳು ಎಷ್ಟು ಗೊತ್ತಾ? 13,118. ಜೀವ ಉಳಿಸುವ ಒಂದು ಬೀಪನ್ನು ಸುಮ್ಮನಾಗಿಸಲು ಹದಿಮೂರು ಸಾವಿರ ಥರದ ಸರಕು. ನಾನು ನನ್ನ ಕ್ಲಿಪ್ ಬಿಸಾಕಿದ್ದು ಆವಾಗ. ಒಳ್ಳೆತನದಿಂದ ಅಂತ ಹೇಳಲಾರೆ, ಹೆಂಡತಿ ಪೇಪರ್ ಓದಿ, ಆ ಕ್ಲಿಪ್ಪನ್ನೂ ನನ್ನನ್ನೂ ಒಂದು ಸಲ ನೋಡಿದಳು, ಅಷ್ಟೇ.

ಈಗ ಇದಕ್ಕೆ ಪೂರ್ತಿ ಉಲ್ಟಾ ಇರುವ ಒಂದು ಕಥೆ. 2017ರ ಏಪ್ರಿಲ್‌ನಿಂದ ಹೊಸ ಬೈಕು ಸ್ಕೂಟರ್‌ಗಳಲ್ಲಿ ಹೆಡ್‌ಲೈಟಿಗೆ ಸ್ವಿಚ್ಚೇ ಇಲ್ಲ. ಇಂಜಿನ್ ಶುರುವಾದರೆ ಲೈಟೂ ಶುರು. ಹಗಲೂ ಉರಿಯುತ್ತದೆ, ಎದುರಿನವರಿಗೆ ಬೇಗ ಕಾಣಲಿ ಅಂತ. ಮೊದಲ ಒಂದು ವರ್ಷ ನೆನಪಿದೆಯಾ? ಹೊಸ ಸ್ಕೂಟರ್ ತಗೊಂಡು ರಸ್ತೆಗೆ ಇಳಿದರೆ ಎದುರಿಗೆ ಬಂದವರೆಲ್ಲ ಅಂಗೈ ತೋರಿಸಿ ಬೆರಳು ಮಡಿಸಿ ಬಿಡಿಸಿ, ಮಡಿಸಿ ಬಿಡಿಸಿ ಮಾಡುವವರು. "ಲೈಟ್ ಉರೀತಿದೆ ಸಾರ್!" ಆಟೋದವರು, ಬಸ್ ಡ್ರೈವರ್, ರಸ್ತೆ ಬದಿ ಕೂತ ಅಜ್ಜ, ಎಲ್ಲರೂ. ನನ್ನ ತಮ್ಮ ಮೊದಲ ವಾರ ಎಲ್ಲರಿಗೂ ನಿಂತು ವಿವರಿಸಲು ನೋಡಿದ, ಆಮೇಲೆ ಸುಮ್ಮನೆ ತಲೆ ಆಡಿಸಿ ಹೋಗುತ್ತಿದ್ದ. ಪರಿಚಯವೇ ಇಲ್ಲದವನ ಬ್ಯಾಟರಿ ಹಾಳಾಗಬಾರದು ಅಂತ ಅಷ್ಟು ಕಾಳಜಿ! ಅದೇ ಮನುಷ್ಯ ಮುಂದಿನ ಸಿಗ್ನಲ್‌ನಲ್ಲಿ ಕೆಂಪು ದೀಪಕ್ಕೆ ಒಂದು ಕ್ಷಣ ನಿಲ್ಲುವುದಿಲ್ಲ, ಅದು ಬೇರೆ ಮಾತು.

ಈ ಲೈಟಿನ ವಿಷಯದಲ್ಲಿ ಯಾರ ಗುಣವೂ ಬದಲಾಗಲಿಲ್ಲ ನೋಡಿ. ಯಾರಿಗೂ ಬುದ್ಧಿ ಹೇಳಲಿಲ್ಲ, ದಂಡ ಹಾಕಲಿಲ್ಲ, ಕಿರಿಕಿರಿ ಮಾಡಲಿಲ್ಲ. ಆದರೂ ಈಗ ಹಗಲಲ್ಲಿ ಬೈಕುಗಳು ದೂರದಿಂದಲೇ ಕಾಣುತ್ತವೆ. ಸೈಡ್ ಸ್ಟ್ಯಾಂಡ್ ಕಥೆಯೂ ಅದೇ. ಮೊದಲು ಸ್ಟ್ಯಾಂಡ್ ತೆಗೆಯುವುದು ಮರೆತು ತಿರುವಿನಲ್ಲಿ ಬೀಳುವವರಿದ್ದರು, ಹಿಂದಿನವರು "ಸ್ಟ್ಯಾಂಡು ಸ್ಟ್ಯಾಂಡು" ಅಂತ ಕೂಗುವುದು ಒಂದು ರೀತಿಯ ಊರ ಸೇವೆ ಆಗಿತ್ತು. ಈಗ ಬಹಳ ಗಾಡಿಗಳಲ್ಲಿ ಸ್ಟ್ಯಾಂಡ್ ಇಳಿದಿದ್ದರೆ ಗಾಡಿ ಮುಂದೆ ಹೋಗುವುದೇ ಇಲ್ಲ.

ಬಿಎಂಟಿಸಿ ಚಿಲ್ಲರೆ ಜಗಳವೂ ಹೀಗೇ ಕರಗಿತು ಅನ್ನಬಹುದು. ಟಿಕೆಟ್ ಹಿಂದೆ ಪೆನ್ನಿನಲ್ಲಿ 7 ಅಂತ ಬರೆದು ಕೊಡುವುದು, ಇಳಿಯುವಾಗ ಕೇಳಬೇಕು, ಕೇಳಿದರೆ ಇಲ್ಲ ಅನ್ನುತ್ತಾರೆ, ಇಲ್ಲಾಂದರೆ ನಾವೇ ಮರೆತು ಇಳಿದು ಬಸ್ಸಿನ ಹಿಂಭಾಗ ನೋಡುತ್ತಾ ನಿಲ್ಲುತ್ತೇವೆ. ಎಷ್ಟು ಬೆಳಗುಗಳು ಹಾಳಾಗಿವೆ ಇದರಿಂದ! ಕಂಡಕ್ಟರ್‌ಗಳೆಲ್ಲ ಕೆಟ್ಟವರು ಅಂತ ನಾವು, ಪ್ಯಾಸೆಂಜರ್‌ಗಳೆಲ್ಲ ಐನೂರರ ನೋಟು ಹಿಡಿದು ಬರುವ ದುರಹಂಕಾರಿಗಳು ಅಂತ ಅವರು. ಈಗ ಫೋನ್ ಹಿಡಿದು ಸ್ಕ್ಯಾನ್ ಮಾಡಿದರೆ ಲೆಕ್ಕ ಚುಕ್ತಾ. ಮೊನ್ನೆ ನಮ್ಮ ರೂಟಿನ ಕಂಡಕ್ಟರ್ ಒಬ್ಬರು ಸ್ಕ್ಯಾನ್ ಮಾಡಿದ ಅಜ್ಜಿಯ ಹತ್ತಿರ, "ಊಟ ಆಯ್ತಾ ಅಮ್ಮ" ಅಂತ ಕೇಳುತ್ತಿದ್ದರು. ಅವರು ಮೊದಲೂ ಹಾಗೇ ಇದ್ದವರೇನೋ, ಚಿಲ್ಲರೆ ಎಣಿಸುವುದರಲ್ಲಿ ಪುರುಸೊತ್ತು ಸಿಕ್ಕಿರಲಿಲ್ಲ ಅಷ್ಟೇ. ನೆಟ್‌ವರ್ಕ್ ಕೈಕೊಟ್ಟ ದಿನ ಮಾತ್ರ ಹಳೇ ಜಗಳ ಇದ್ದಲ್ಲಿಂದಲೇ ಮುಂದುವರಿಯುತ್ತದೆ.

ಇನ್ನು ಕ್ಯಾಮೆರಾ. ಇದು ನನಗೆ ಹತ್ತಿರದ ವಿಷಯ, ಯಾಕಂದರೆ ಅದು ನನ್ನ ಫೋಟೋ ತೆಗೆದಿದೆ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಹೊಸ ವ್ಯವಸ್ಥೆ ಬಂತು. ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಕೆಂಪು ದೀಪ ಹಾರುವವರನ್ನು ಹಿಡಿಯುವ 80 ಕ್ಯಾಮೆರಾ. ಪೊಲೀಸ್ ಇರಲಿ ಇಲ್ಲದಿರಲಿ, ತಪ್ಪು ಮಾಡಿದರೆ ಫೋನಿಗೆ ಮೆಸೇಜ್. ನನಗೆ ಬಂದದ್ದು ಒಂದು ಸೋಮವಾರ. ಲಿಂಕ್ ಒತ್ತಿದರೆ ನನ್ನದೇ ಕಾರು, ಸ್ಟಾಪ್ ಲೈನ್ ದಾಟಿ ಝೀಬ್ರಾ ಪಟ್ಟಿ ಮೇಲೆ ಮಲಗಿದೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಕಾರಿನ ಮುಂದೆ ಒಬ್ಬ ಹೆಂಗಸು, ಕೈಯಲ್ಲಿ ಟಿಫನ್ ಬ್ಯಾಗ್, ನನ್ನ ಬಂಪರ್ ಸುತ್ತಿಕೊಂಡು ಬಸ್ಸುಗಳ ನಡುವೆ ದಾಟುತ್ತಿದ್ದಾರೆ. ಅವರು ಅಲ್ಲಿದ್ದದ್ದೇ ನನಗೆ ಗೊತ್ತಿರಲಿಲ್ಲ. ಕಾರಿನೊಳಗೆ ಕೂತಾಗ ನಾನು ನೋಡುತ್ತಿದ್ದದ್ದು ಸಿಗ್ನಲ್ ಮೇಲಿನ ಅಂಕಿಗಳನ್ನು, 12, 11, 10.

ಪೊಲೀಸಪ್ಪ ಹಿಡಿದಿದ್ದರೆ ವಾದ ಮಾಡುತ್ತಿದ್ದೆ. "ಮುಂದಿನವನೂ ದಾಟಿದಾನೆ ಸಾರ್, ಅವನನ್ನು ಬಿಟ್ಟು ನನ್ನನ್ನೇ ಯಾಕೆ" ಅಂತ. ಫೋಟೋ ಜೊತೆ ಏನು ವಾದ ಮಾಡುವುದು? 500 ರೂಪಾಯಿ ಕಟ್ಟಿದೆ. ಆದರೆ ಆ ಟಿಫನ್ ಬ್ಯಾಗ್ ಹೆಂಗಸಿನ ಚಿತ್ರ ಮಾತ್ರ 500 ರೂಪಾಯಿ ಜೊತೆ ಹೋಗಲಿಲ್ಲ. ಅದರ ನಂತರ ನಾನು ಗೆರೆ ಹಿಂದೆ ನಿಲ್ಲಿಸಲು ಶುರು ಮಾಡಿದೆ. ಇದನ್ನು ನನ್ನ ಗೆಳೆಯನ ಗೆಲುವು ಅಂತ ಒಪ್ಪಿಕೊಳ್ಳುತ್ತೇನೆ.

ಆದರೆ ಎಲ್ಲರೂ ಹೀಗೆ ಮಾಡಿದರಾ ಅಂದರೆ, ಕ್ಯಾಮೆರಾ ಎಲ್ಲಿದೆ ಅಂತ ಜನ ತಿಂಗಳೊಳಗೆ ಬಾಯಿಪಾಠ ಮಾಡಿಕೊಂಡರು. ಆ ಜಂಕ್ಷನ್‌ನಲ್ಲಿ ಸಾಲಾಗಿ ಗೆರೆ ಹಿಂದೆ ನಿಲ್ಲುವ ಮಂದಿ, ಅಲ್ಲಿಂದ ಅರ್ಧ ಕಿಲೋಮೀಟರ್ ಮುಂದೆ, ಕ್ಯಾಮೆರಾ ಇಲ್ಲದ ಸರ್ಕಲ್‌ನಲ್ಲಿ, ನಾಲ್ಕೂ ಕಡೆಯಿಂದ ನುಗ್ಗಿ ಗಂಟು ಹಾಕಿಕೊಂಡು ಕೂರುತ್ತಾರೆ. ನಂಬರ್ ಪ್ಲೇಟ್ ಮೇಲಕ್ಕೆ ಬಗ್ಗಿಸಿದವರನ್ನು ನೋಡಿದ್ದೇನೆ. ಒಂದು ಅಂಕಿ ಮೇಲೆ ಮಾಸ್ಕ್ ನೇತುಹಾಕಿದವರನ್ನೂ ನೋಡಿದ್ದೇನೆ. ಹಿಂದೆ ಕೂತ ಹುಡುಗಿ ಕ್ಯಾಮೆರಾ ಹತ್ತಿರ ಬಂದಾಗ ಕಾಲು ಚಾಚಿ ಪ್ಲೇಟ್ ಮುಚ್ಚುವುದನ್ನು ಕೂಡ ನೋಡಿದ್ದೇನೆ, ಸರ್ಕಸ್ಸಿನವರಿಗೂ ಬರುವುದಿಲ್ಲ ಅಂಥ ಕಸರತ್ತು.

ಹೆಲ್ಮೆಟ್ ವಿಷಯವಂತೂ ಕೇಳಬೇಡಿ. ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಅಂತ 2016ರ ಜನವರಿಯಲ್ಲಿ ಬಂತು. ಕ್ಯಾಮೆರಾಕ್ಕೆ ಕಾಣುವುದು ತಲೆ ಮೇಲೆ ಏನೋ ಇದೆಯಾ ಇಲ್ಲವಾ ಅನ್ನುವುದು. ಗದ್ದದ ಕೆಳಗೆ ಪಟ್ಟಿ ಬಿಗಿದಿದೆಯಾ ಅನ್ನುವುದು ಕಾಣುವುದಿಲ್ಲ. ಹಾಗಾಗಿ ತಲೆ ಮೇಲೆ ಏನೋ ಇರುತ್ತದೆ. ಫುಟ್‌ಪಾತ್ ಮೇಲೆ ಮಾರುವ, ತೆಂಗಿನ ಚಿಪ್ಪಿಗಿಂತ ಸ್ವಲ್ಪ ಗಟ್ಟಿ ಇರುವ ಅರ್ಧ ಹೆಲ್ಮೆಟ್, ಪಟ್ಟಿ ಗಾಳಿಯಲ್ಲಿ ಹಾರಾಡುತ್ತಿರುತ್ತದೆ. ಬಿದ್ದರೆ ತಲೆಗಿಂತ ಮೊದಲು ಹೆಲ್ಮೆಟ್ ಹೊರಟುಹೋಗುತ್ತದೆ. ಮಷೀನ್ ಎಷ್ಟು ನೋಡುತ್ತದೋ ಅಷ್ಟಕ್ಕೆ ಮಾತ್ರ ನಾವು ಮರ್ಯಾದಸ್ಥರು. ಮಾವನ ಬಕಲ್ಲೂ ಅದೇ, ಈ ಪಟ್ಟಿಯೂ ಅದೇ.

ದಂಡ ಬಾಕಿ ಉಳಿಸಿಕೊಂಡವರಿಗೆ 2023ರ ಫೆಬ್ರವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟರು, ಸೀರೆ ಅಂಗಡಿ ಆಷಾಢ ಸೇಲ್ ಥರ. ಒಂಬತ್ತು ದಿನದಲ್ಲಿ 120 ಕೋಟಿಗೂ ಹೆಚ್ಚು ಹಣ ಬಂತು. ಆಮೇಲೆ ಮತ್ತೆ ಮತ್ತೆ ಕೊಟ್ಟರು. ಮೊದಲ ದಿನವೇ ಪೂರ್ತಿ 500 ಕಟ್ಟಿದ ನನ್ನಂಥವನ ಮುಖ ಹೇಗಿರಬೇಡ? ಈಗ ನನಗೆ ಗೊತ್ತಿರುವವರು ಸುಮಾರು ಜನ ದಂಡ ಬಂದರೆ ತಲೆಯನ್ನೇ ಕೆಡಿಸಿಕೊಳ್ಳುವುದಿಲ್ಲ. "ಆಫರ್ ಬರುತ್ತೆ ಬಿಡೋ" ಅನ್ನುತ್ತಾರೆ. 2010ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಒಂದು ಪ್ರಯೋಗ ಮಾಡಿದ್ದರು. ಒಂದು ಕಾರ್ ಕಂಪನಿಯ ಸ್ಪರ್ಧೆಯಲ್ಲಿ ಗೆದ್ದ ಐಡಿಯಾ ಅದು. ಸ್ಪೀಡ್ ಕ್ಯಾಮೆರಾ ಎಲ್ಲರ ಫೋಟೋ ತೆಗೆಯುತ್ತದೆ, ವೇಗ ಮೀರಿದವರಿಗೆ ದಂಡ, ಮಿತಿಯೊಳಗೆ ಹೋದವರ ಹೆಸರು ಲಾಟರಿಗೆ, ಗೆದ್ದವರಿಗೆ ದಂಡದ ದುಡ್ಡಿನಲ್ಲೇ ಬಹುಮಾನ. ಸರಾಸರಿ ವೇಗ 32ರಿಂದ 25ಕ್ಕೆ ಇಳಿಯಿತು. ಅದು ಕೆಲವೇ ದಿನದ ಪ್ರಯೋಗ, ವರ್ಷಗಟ್ಟಲೆ ಇಟ್ಟರೆ ಏನಾಗುತ್ತಿತ್ತೋ, ಹೊಸತು ಹಳತಾದ ಮೇಲೆ ಲಾಟರಿಯೂ ಬೇಜಾರೇ. ಆದರೆ ಅಲ್ಲಿ ಬಹುಮಾನ ಸಿಕ್ಕಿದ್ದು ನಿಯಮ ಪಾಲಿಸಿದವನಿಗೆ. ನಮ್ಮಲ್ಲಿ ರಿಯಾಯಿತಿ ಸಿಕ್ಕಿದ್ದು ಮುರಿದು, ಕಟ್ಟದೆ, ಕಾದು ಕೂತವನಿಗೆ. ಕ್ಯಾಮೆರಾ ಕಲಿಸಿದ್ದನ್ನು ಆಫೀಸಿನಲ್ಲಿ ಕೂತವರು ಒರೆಸಿಹಾಕಿದರು. ತಂತ್ರಜ್ಞಾನ ಏನು ಮಾಡೀತು ಪಾಪ.

ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬನ್ನಿ. 2023ರ ಮಾರ್ಚ್ 12ಕ್ಕೆ ಉದ್ಘಾಟನೆ ಆದಮೇಲೆ ಅಲ್ಲಿ ದಿನಾ ಸಾವಿನ ಸುದ್ದಿ. ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್ ನಿಲ್ಲಿಸಿದರು. ಕ್ಯಾಮೆರಾ ಹಾಕಿದರು. 2024ರ ಆಗಸ್ಟ್ 1ರಿಂದ 130 ದಾಟಿದರೆ ಎಫ್‌ಐಆರ್ ಅಂದರು. ಅಲ್ಲಿ ಈಗ ಓಡಿಸುವುದು ಮೊದಲಿಗಿಂತ ಎಷ್ಟೋ ನೆಮ್ಮದಿ, ಅದನ್ನು ನಾನೇ ಹೇಳುತ್ತೇನೆ. ಆದರೂ ಕ್ಯಾಮೆರಾ ಕಂಬ ಹತ್ತಿರ ಬಂದಾಗ ಒಂದು ದೃಶ್ಯ ಇದೆ. ಮುಂದಿನ ಕಾರುಗಳ ಬ್ರೇಕ್ ಲೈಟ್ ಪಟಪಟ ಹತ್ತುತ್ತವೆ, ಎಲ್ಲರೂ 100ಕ್ಕೆ ಇಳಿದು, ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟು ಕೈ ಮುಗಿದ ಹಾಗೆ ಕಂಬ ದಾಟಿ, ಮತ್ತೆ ಬುಸ್ ಅಂತ ಹೊರಡುತ್ತಾರೆ. ಫೋನಿನಲ್ಲಿರುವ ಮ್ಯಾಪ್ ಮುಂದೆ ಕ್ಯಾಮೆರಾ ಇದೆ ಅಂತ ಮೊದಲೇ ಹೇಳಿರುತ್ತದೆ. ಒಂದು ಮಷೀನ್ ಹಿಡಿಯಲು ಕೂತಿದೆ, ಇನ್ನೊಂದು ಮಷೀನ್ ತಪ್ಪಿಸಲು ಕೂತಿದೆ. ಇಟಲಿಯಲ್ಲಿ 2005ರಿಂದ ಬೇರೆ ಥರ ಮಾಡಿದ್ದಾರೆ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಎಷ್ಟು ಹೊತ್ತಿನಲ್ಲಿ ಬಂದೆ ಅಂತ ಲೆಕ್ಕ ಹಾಕಿ ಸರಾಸರಿ ವೇಗ ಹಿಡಿಯುತ್ತಾರೆ. ಕಂಬದ ಹತ್ತಿರ ಮಾತ್ರ ಸಾಧು ಆಗಿ ಉಪಯೋಗ ಇಲ್ಲ. ಇದು ನನಗೆ ಇಷ್ಟ. ಒಂದು ಕ್ಷಣ ನೋಡುವುದಕ್ಕಿಂತ ಅರ್ಧ ಗಂಟೆ ನೋಡಿದರೆ ಕಾಲಿಗೆ ಅಭ್ಯಾಸ ಆದರೂ ಆದೀತು.

ಮುಂಬೈ ಪೊಲೀಸರು 2020ರ ಜನವರಿಯಲ್ಲಿ ವಿಡಿಯೋ ಬಿಟ್ಟು ತೋರಿಸಿದ್ದೂ ಮಜಾ ಇತ್ತು. ಸಿಗ್ನಲ್‌ನಲ್ಲಿ ಶಬ್ದ ಅಳೆಯುವ ಮೀಟರ್ ಇಟ್ಟು, ಹಾರ್ನ್ ಗಲಾಟೆ 85 ಡೆಸಿಬಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿಂದ ಶುರು. ಹೊಡೆದವನ ಜೊತೆ ಹೊಡೆಯದವನಿಗೂ ಶಿಕ್ಷೆ, ಶಾಲೆಯಲ್ಲಿ ಪೂರ್ತಿ ಕ್ಲಾಸನ್ನು ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ. ವಿಡಿಯೋ ನೋಡಿ ಎಲ್ಲರೂ ನಕ್ಕೆವು, ಮತ್ತೆ ಹಾರ್ನ್ ಹೊಡೆದುಕೊಂಡು ಮನೆಗೆ ಹೋದೆವು.

ಇಷ್ಟೆಲ್ಲ ಹೇಳಿ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ತಂತ್ರಜ್ಞಾನ ನಮ್ಮ ನಡತೆ ಬದಲಾಯಿಸುತ್ತಾ ಅನ್ನುವುದು ನನಗೆ ಈಗ ಪ್ರಶ್ನೆಯೇ ಅಲ್ಲ. ಬದಲಾಯಿಸುತ್ತದೆ, ಅದೂ ಭಾರೀ ವೇಗವಾಗಿ. ಯಾರ ಲಾಭಕ್ಕೆ ಅನ್ನುವುದನ್ನು ಕೇಳಬೇಕು. ನಮ್ಮ ಮನೆ ಹತ್ತಿರದ ಒನ್ ವೇನಲ್ಲಿ ದಿನಾ ಸಂಜೆ ಡೆಲಿವರಿ ಹುಡುಗರು ಎದುರಿನಿಂದ ಬರುತ್ತಾರೆ. ಒಂದು ದಿನ ಒಬ್ಬ ನನ್ನ ಕಾರಿಗೆ ಇನ್ನೇನು ಗುದ್ದಬೇಕು, ನಿಂತ. ನಾನು ಸಿಟ್ಟಿನಲ್ಲಿ ಕಿಟಕಿ ಇಳಿಸಿದೆ. ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸು, ಉತ್ತರ ಕರ್ನಾಟಕದ ಕಡೆಯವನು. "ಯು ಟರ್ನ್ ಒಂದೂವರೆ ಕಿಲೋಮೀಟರ್ ಆಚೆ ಐತ್ರಿ ಅಣ್ಣಾ, ಇಲ್ಲಿ ನೋಡ್ರಿ" ಅಂತ ಹ್ಯಾಂಡಲ್‌ಗೆ ಕಟ್ಟಿದ ಫೋನ್ ತೋರಿಸಿದ. ಅದರಲ್ಲಿ ನಿಮಿಷ ಇಳಿಯುತ್ತಿತ್ತು. ಅವನ ಹಿಂದೆ ಒಂದು ಮಷೀನ್ ಬೇಗ ಹೋಗು ಅಂತ ತಳ್ಳುತ್ತಿದೆ. ಮುಂದಿನ ಸರ್ಕಲ್‌ನಲ್ಲಿ ಇನ್ನೊಂದು ಮಷೀನ್ ರಾಂಗ್ ಸೈಡ್ ಅಂತ ಫೋಟೋ ತೆಗೆಯಲು ಕಾದಿದೆ. ದಂಡ ಕಟ್ಟುವವನು ಅವನೇ. ಅವನಿಗೆ ನಾನು ಏನು ಬುದ್ಧಿ ಹೇಳಲಿ? ಅವತ್ತು ರಾತ್ರಿ ನಾನೂ ಹಾಲು ಮೊಸರು ಆ್ಯಪ್‌ನಲ್ಲೇ ತರಿಸಿದ್ದು, ಎರಡು ನಿಮಿಷ ತಡವಾಗಿದ್ದಕ್ಕೆ ಫೋನ್ ಎರಡು ಸಲ ನೋಡಿದ್ದು.

ನನ್ನ ವಿಷಯಕ್ಕೆ ಬಂದರೆ, ಈಗ ಬೆಲ್ಟ್ ಇಲ್ಲದೆ ಸ್ಟೀರಿಂಗ್ ಮುಂದೆ ಕೂರಲು ನನಗೆ ಆಗುವುದಿಲ್ಲ. ಅಂಗಿ ಹಾಕದೆ ಬೀದಿಗೆ ಬಂದ ಹಾಗೆ ಅನ್ನಿಸುತ್ತದೆ. ಬೀಪ್ ಬರುವ ಮೊದಲೇ ಕೈ ಹೋಗಿರುತ್ತದೆ. ಹಾಗಾದರೆ ನಾನು ಸರಿಹೋದೆನಾ? ಹೋದ ವಾರ ಏರ್‌ಪೋರ್ಟಿಗೆ ಕ್ಯಾಬ್ ಮಾಡಿಕೊಂಡು ಹೋದೆ. ಹಿಂದಿನ ಸೀಟಿನಲ್ಲಿ ಕೂತೆ. ಬೀಪ್ ಇಲ್ಲ, ಬೆಲ್ಟಿನ ಬಕಲ್ ಸೀಟ್ ಕವರ್ ಒಳಗೆ ಎಲ್ಲೋ ಹೂತುಹೋಗಿತ್ತು. ಹೆಬ್ಬಾಳ ಫ್ಲೈಓವರ್ ದಾಟಿ ಡ್ರೈವರ್ 90ರಲ್ಲಿ ಹೋಗುತ್ತಿದ್ದಾನೆ, ನಾನು ಆರಾಮಾಗಿ ಕಾಲು ಚಾಚಿ ಫೋನ್ ನೋಡುತ್ತಾ ಕೂತಿದ್ದೇನೆ. ಮಿಸ್ತ್ರಿ ಸುದ್ದಿ ಓದಿದವನೇ ನಾನು. ಸಾದಹಳ್ಳಿ ಟೋಲ್ ಬಂದಾಗ ನೆನಪಾಯಿತು, ಕವರ್ ಒಳಗೆ ಕೈ ಹಾಕಿ ತಡಕಾಡಿದೆ, ಕಡಲೆಬೀಜದ ಸಿಪ್ಪೆ ಮತ್ತು ಒಂದು ರೂಪಾಯಿ ನಾಣ್ಯ ಸಿಕ್ಕಿತು, ಬಕಲ್ ಸಿಗಲಿಲ್ಲ. "ಯಾರೂ ಹಾಕಲ್ಲ ಬಿಡಿ ಸಾರ್" ಅಂದ ಡ್ರೈವರ್. ಬಿಟ್ಟೆ. ನನ್ನ ಬಲಗೈಗೆ ಕಲಿಸಿದ ಬೀಪ್ ನನಗೆ ಕಲಿಸಿರಲಿಲ್ಲ.

ಗೆಳೆಯನಿಗೆ ಇದನ್ನು ಹೇಳಿದರೆ, "ಅದಕ್ಕೇ ಹಿಂದಿನ ಸೀಟಿಗೂ ಬೀಪ್ ಹಾಕ್ಬೇಕು" ಅಂದ. ಹಾಕಲಿ, ಬೇಡ ಅನ್ನುವುದಿಲ್ಲ. ಜೀವ ಉಳಿಯುವುದಾದರೆ ಭಯದಿಂದ ಉಳಿದರೇನು, ಅಭ್ಯಾಸದಿಂದ ಉಳಿದರೇನು. ಆದರೆ ಹಲಸಿನ ಹಣ್ಣಿಗೆ ಬೆಲ್ಟ್ ಹಾಕಿ ನಾನು ಬಕಲ್ ಹುಡುಕುವುದು ಬಿಡುವ ದಿನ ಇನ್ನೂ ಇರುತ್ತದೆ ಅಂತ ಅವನಿಗೆ ಹೇಳಿದೆ. ಅವನು ಟೀ ಕುಡಿದು ಎದ್ದ.

ಮೊನ್ನೆ ಮತ್ತೆ ಊರಿಗೆ ಹೋಗಿದ್ದೆ. ಬರುವುದು ತಡವಾಯಿತು. ತುಮಕೂರಿನ ಒಳಗೆ ಒಂದು ಸರ್ಕಲ್, ರಾತ್ರಿ ಹನ್ನೊಂದೂವರೆ ಆಗಿತ್ತು. ಸಿಗ್ನಲ್ ಇನ್ನೂ ಕೆಲಸ ಮಾಡುತ್ತಿತ್ತು, ಕೆಂಪು. ಕ್ಯಾಮೆರಾ ಇಲ್ಲ, ಪೊಲೀಸ್ ಇಲ್ಲ, ಒಂದು ನಾಯಿ ಡಿವೈಡರ್ ಮೇಲೆ ಮಲಗಿತ್ತು. ಕಾಲು ತಾನಾಗೇ ಬ್ರೇಕ್ ಒತ್ತಿತು. ಗೆರೆ ಹಿಂದೆ ನಿಲ್ಲಿಸಿದೆ. ಹಿಂದಿನಿಂದ ಒಂದು ಬೈಕ್ ಬಂತು, ನನ್ನನ್ನು ದಾಟಿ ಮುಂದೆ ಹೋಯಿತು, ಹತ್ತು ಮಾರು ಹೋಗಿ ನಿಂತು, ಹಿಂದಕ್ಕೆ ತಿರುಗಿಸಿಕೊಂಡು ಬಂತು. ಹೆಲ್ಮೆಟ್ ಟ್ಯಾಂಕ್ ಮೇಲಿತ್ತು. ಕಿಟಕಿ ಹತ್ತಿರ ಬಗ್ಗಿ ಕೇಳಿದ.

"ಗಾಡಿ ಕೆಟ್ಟೋಯ್ತಾ ಸಾರ್? ತಳ್ಬೇಕಾ?"

ಇಲ್ಲ ಅಣ್ಣ, ಸಿಗ್ನಲ್ ಅಂತ ಕೈ ತೋರಿಸಿದೆ. ಅವನು ಸಿಗ್ನಲ್ ನೋಡಿದ, ಖಾಲಿ ಸರ್ಕಲ್ ನೋಡಿದ, ನನ್ನನ್ನು ನೋಡಿದ. "ಓ, ಹಂಗಾ" ಅಂದ. ಹಾಗೇ ಬಿಟ್ಟು ಹೋದರೆ ಚೆನ್ನಾಗಿರಲ್ಲ ಅನ್ನಿಸಿತೋ ಏನೋ, ಕಾಲು ಊರಿ ಪಕ್ಕದಲ್ಲೇ ಸ್ವಲ್ಪ ಹೊತ್ತು ನಿಂತ. ಅಂಕಿ 14, 13, 12 ಅಂತ ಇಳಿಯುತ್ತಿತ್ತು. 6ಕ್ಕೆ ಬಂದಾಗ, "ಬರ್ತೀನಿ ಸಾರ್, ಹುಷಾರು" ಅಂತ ಹೇಳಿ ಹೊರಟ.